ಪಟ್ಟಿಗೊಂದು ಮರುಪಟ್ಟು

ಕಳೆದ ಬೇಸಿಗೆ ರಜೆಯ ಒಂದು ಭಾನುವಾರ. ಬಾಣಸವಾಡಿಯ ನಮ್ಮ ಮನೆಯ ಹಜಾರದಿಂದ ‘ಧಡ್’ ಎಂಬ ಸದ್ದು ಬಂತು. ಓಡಿಹೋಗಿ ನೋಡಿದರೆ ಟಿ.ವಿ. ಮುಂದೆ ಪಿಯುಸಿ ಓದುವ ಮಗ ಕೆಂಪು ಮುಖ ಮಾಡಿಕೊಂಡು ಕುಳಿತಿದ್ದ. ಅವನ ಕೈಲಿರಬೇಕಾದ ಕಂಟ್ರೋಲರ್ ಸೋಫಾದ ಕೆಳಗೆ ಬಿದ್ದಿತ್ತು. ಪರದೆಯ ಮೇಲೆ ಅವನ ಹೋರಾಟಗಾರ ಅಂಗಾತ ಮಲಗಿದ್ದ.

“ಒಂಬತ್ತು ಸಲ ಎತ್ತಿ ಎಸೆದ ಅಪ್ಪಾ! ನಾನು ತಡೆ ಹಿಡಿದುಕೊಂಡೇ ಇದ್ದೆ. ಇದು ಮೋಸದ ಆಟ!”

ಯಂತ್ರವನ್ನು ಬೀರುವಿಗೆ ಸೇರಿಸಿ ಬೀಗ ಹಾಕುವುದೇ ಸರಿ ಎಂದುಕೊಂಡೆ. ಅಷ್ಟರಲ್ಲಿ, ಹರೆಯದಲ್ಲಿ ಊರಿನ ಗರಡಿಯ ಮಣ್ಣಿನಲ್ಲಿ ಹೊರಳಾಡಿದ್ದ ನಮ್ಮ ತಂದೆಯವರು ಓದುತ್ತಿದ್ದ ಪೇಪರು ಮಡಿಸಿ ಮೊಮ್ಮಗನನ್ನು ಕೇಳಿದರು: “ಅವನು ಬಂದು ಹಿಡಿಯೋ ತನಕ ನೀನೇನು ಮಾಡ್ತಿದ್ದೆಯೋ?”

ಹುಡುಗನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ನಾನೂ ಕೆಲವು ಭಾನುವಾರ ಅವನ ಪಕ್ಕ ಕುಳಿತೆ. ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಕಲ್ಲು, ಕಾಗದ, ಕತ್ತರಿ

ಮಗ ಆಡುತ್ತಿದ್ದದ್ದು ಜಪಾನಿನ ಕ್ಯಾಪ್‌ಕಾಮ್ ಕಂಪನಿಯ ‘ಸ್ಟ್ರೀಟ್ ಫೈಟರ್ 6’. ಇದು 2023ರ ಜೂನ್‌ನಲ್ಲಿ ಬಂದದ್ದು. ಇದರ ಅಣ್ಣ ‘ಸ್ಟ್ರೀಟ್ ಫೈಟರ್ 2’ 1991ರಲ್ಲಿ ಬಂದು ಜಗತ್ತಿನ ವಿಡಿಯೋ ಗೇಮ್ ಪಾರ್ಲರುಗಳನ್ನೆಲ್ಲ ತುಂಬಿಸಿತ್ತು. ಇಂದಿನ ಅಪ್ಪಂದಿರಲ್ಲಿ ಹಲವರು ಅದಕ್ಕಾಗಿ ಅಮ್ಮನ ಚಿಲ್ಲರೆ ಡಬ್ಬಿಗೆ ಕೈ ಹಾಕಿದವರೇ!

ಇಂಥ ಆಟಗಳ ಒಳಗಿರುವುದು ಮಕ್ಕಳ ಕಲ್ಲು–ಕಾಗದ–ಕತ್ತರಿಯ ಲೆಕ್ಕ. ಹೊಡೆತವನ್ನು ತಡೆ ಸೋಲಿಸುತ್ತದೆ. ತಡೆ ಹಿಡಿದು ನಿಂತವನನ್ನು ಎಸೆತ ಸೋಲಿಸುತ್ತದೆ. ಎಸೆಯಲು ಹತ್ತಿರ ಬಂದವನನ್ನು ಹೊಡೆತ ಸೋಲಿಸುತ್ತದೆ. ಎಸೆತವೇ ಇಲ್ಲದಿದ್ದರೆ ಮೊದಲು ಒಂದೇಟು ಕೊಟ್ಟವನು ಉಳಿದ ಹೊತ್ತೆಲ್ಲ ಮುದುರಿ ಕುಳಿತೇ ಗೆಲ್ಲುತ್ತಿದ್ದ. ಆದ್ದರಿಂದ ಎಸೆತ ಮೋಸವಲ್ಲ, ಸುಮ್ಮನೆ ಕೂತವನನ್ನು ಎಬ್ಬಿಸುವ ನಿಯಮ. ‘ಮೋಸದ ಆಟ’ ಎಂಬ ನಮ್ಮ ಹುಡುಗನ ದೂರು ಕೆಳಗೆ ಬಿದ್ದ ಜಟ್ಟಿ ಮೀಸೆ ಮಣ್ಣಾಗಲಿಲ್ಲ ಎಂದ ಹಾಗೆ.

ಸ್ಕೇಲು ಹೇಳುವ ಸತ್ಯ

ಹಾಗಾದರೆ ಎಸೆತ ಕಂಡೊಡನೆ ಬಿಡಿಸಿಕೊಳ್ಳಬಹುದಲ್ಲ? ವಿದ್ಯಾರ್ಥಿಗಳೇ, ಒಂದು ಸಣ್ಣ ಪ್ರಯೋಗ ಮಾಡಿ. ಗೆಳೆಯ 30 ಸೆಂ.ಮೀ. ಸ್ಕೇಲನ್ನು ನೇರವಾಗಿ ಹಿಡಿದಿರಲಿ. ಅದರ ಸೊನ್ನೆಯ ಗುರುತಿನ ಬಳಿ ನಿಮ್ಮ ಹೆಬ್ಬೆರಳು, ತೋರುಬೆರಳು ತೆರೆದಿರಲಿ. ಅವನು ಹೇಳದೆ ಬಿಟ್ಟಾಗ ಹಿಡಿಯಿರಿ. ಸಾಮಾನ್ಯವಾಗಿ ಸ್ಕೇಲು 15ರಿಂದ 20 ಸೆಂ.ಮೀ. ಜಾರಿದ ಮೇಲೆಯೇ ಸಿಗುತ್ತದೆ. ಗುರುತ್ವದ ಸೂತ್ರಕ್ಕೆ ಹಾಕಿದರೆ, 20 ಸೆಂ.ಮೀ. ಎಂದರೆ ಸುಮಾರು 0.2 ಸೆಕೆಂಡು.

ಆಟದ ಪರದೆ ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆ. ಇಂಥ ಒಂದೊಂದು ಚಿತ್ರವೇ ‘ಫ್ರೇಮ್’. ಸಾಮಾನ್ಯ ಎಸೆತ ಐದನೇ ಫ್ರೇಮಿಗೇ, ಅಂದರೆ ಸುಮಾರು 0.083 ಸೆಕೆಂಡಿಗೆ ಮೈಮೇಲೆ ಬಂದಿರುತ್ತದೆ. ಅಷ್ಟರಲ್ಲಿ ಸ್ಕೇಲು ಜಾರುವುದು ಬರೀ ಮೂರೂವರೆ ಸೆಂ.ಮೀ.! ಸಿಕ್ಕಿಬಿದ್ದ ಮೇಲೂ ಬಿಡಿಸಿಕೊಳ್ಳಲು ಕೆಲವು ಫ್ರೇಮುಗಳ ಅವಕಾಶ ಇದೆಯಾದರೂ ಕಣ್ಣನ್ನೇ ನೆಚ್ಚಿ ಆಡುವುದು ಕಷ್ಟ. ಇಲ್ಲಿ ಬೇಕಾದದ್ದು ಎದುರಾಳಿಯ ಮುಂದಿನ ಹೆಜ್ಜೆಯ ಅಂದಾಜು.

ಬಿಡಿಸಿಕೊಳ್ಳುವ ದಾರಿಗಳು

ಮೊದಲನೆಯದು ಬಿಡಿಸಿಕೊಳ್ಳುವ ಗುಂಡಿ. ಎಸೆಯಲು ಒತ್ತುವ ಹಗುರ ಗುದ್ದು ಮತ್ತು ಹಗುರ ಒದೆತದ ಗುಂಡಿಗಳನ್ನೇ ಸರಿಯಾದ ಹೊತ್ತಿಗೆ ಒಟ್ಟಿಗೆ ಒತ್ತಿದರೆ ಇಬ್ಬರೂ ಬೇರೆಯಾಗುತ್ತಾರೆ, ಏಟು ಬೀಳುವುದಿಲ್ಲ. 1994ರ ‘ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊ’ದಲ್ಲಿ ಹೀಗೆ ಮಾಡಿದರೆ ಏಟು ಕಡಿಮೆಯಾಗುತ್ತಿತ್ತು ಅಷ್ಟೆ. ಈಗ ಪೂರ್ತಿ ತಪ್ಪುತ್ತದೆ.

ನಮ್ಮ ಹುಡುಗ ಇದನ್ನು ಕಲಿತ ದಿನ ಹಿಗ್ಗಿ ಹೀರೇಕಾಯಿಯಾದ. ಮರುವಾರ ಇನ್ನೂ ಕೆಟ್ಟದಾಗಿ ಸೋತ! ಹೆದರಿಕೆಯಾದಾಗಲೆಲ್ಲ ಗುಂಡಿ ಒತ್ತುತ್ತಿದ್ದ. ಎದುರಾಳಿ ಎಸೆಯುವವನಂತೆ ಹತ್ತಿರ ಬಂದು ತಟ್ಟನೆ ಹಿಂದೆ ಸರಿಯುತ್ತಿದ್ದ. ಇವನ ಕೈಗಳು ಗಾಳಿಯನ್ನು ತಬ್ಬಿ ನಿಂತಾಗ ಬಾರಿಸುತ್ತಿದ್ದ. ಆಟಗಾರರ ಭಾಷೆಯಲ್ಲಿ ಈ ನಾಟಕಕ್ಕೆ ‘ಶಿಮ್ಮಿ’ ಎಂದು ಹೆಸರು.

ಎರಡನೆಯದು ತಡವಾಗಿ ಒತ್ತುವುದು. ಕುಳಿತು ತಡೆ ಹಿಡಿದು, ಒಂದು ಕ್ಷಣ ಬಿಟ್ಟು ಗುಂಡಿ ಒತ್ತಬೇಕು. ಎದುರಾಳಿ ಹೊಡೆದರೆ ಅಷ್ಟರಲ್ಲಿ ತಡೆ ಕೆಲಸ ಮಾಡಿರುತ್ತದೆ, ಎಸೆದರೆ ಬಿಡಿಸಿಕೊಂಡಿರುತ್ತೀರಿ. ಆದರೆ ಶಿಮ್ಮಿಯ ಮುಂದೆ ಇದೂ ಸೋಲುತ್ತದೆ.

ಮೂರನೆಯದು ಜಿಗಿತ. ಗಾಳಿಯಲ್ಲಿರುವವನನ್ನು ನೆಲದ ಎಸೆತ ಹಿಡಿಯಲಾರದು. ಜಂಗೀಫ್ ಎಂಬ ರಷ್ಯದ ಪೈಲ್ವಾನನ ವಿಶೇಷ ಪಟ್ಟಿಗೆ ಬಿಡಿಸಿಕೊಳ್ಳುವ ಗುಂಡಿಯೇ ಇಲ್ಲ. ಅವನ ಎದುರು ಜಿಗಿಯಬೇಕು, ಹಿಂದೆ ಹಾರಬೇಕು, ಇಲ್ಲವೇ ಅವನಿಗಿಂತ ಮೊದಲು ಹೊಡೆಯಬೇಕು. ಜಿಗಿಯುತ್ತೀರೆಂದು ಮೊದಲೇ ಊಹಿಸಿದವನು ಕೆಳಗೆ ಕಾದು ಹೊಡೆಯುತ್ತಾನೆ ಎಂಬುದೂ ನೆನಪಿರಲಿ.

ನಾಲ್ಕನೆಯದು ಕೇಳಲು ವಿಚಿತ್ರ: ಎಸೆಸಿಕೊಳ್ಳುವುದು! ಹೆಚ್ಚಿನ ಹೋರಾಟಗಾರರಿಗೆ 10,000 ಅಂಕಗಳ ಶಕ್ತಿ ಇರುತ್ತದೆ. ಸಾಮಾನ್ಯ ಎಸೆತ ಕಳೆಯುವುದು 1,200. ಗುಂಡಿ ಒತ್ತಿ ಶಿಮ್ಮಿಗೆ ಸಿಕ್ಕಿದರೆ ಸಾಲು ಹೊಡೆತಗಳಲ್ಲಿ ಅದರ ಎರಡು ಮೂರು ಪಟ್ಟು ಹೋಗಬಹುದು. ಸಂದೇಹವಿದ್ದಾಗ ಚಿಕ್ಕ ನಷ್ಟ ಒಪ್ಪಿಕೊಳ್ಳುವುದೇ ಜಾಣತನ.

ಇದಕ್ಕೊಂದು ಎಚ್ಚರಿಕೆಯಿದೆ. ಪರದೆಯ ಮೂಲೆಯಲ್ಲಿ ಎಸೆಸಿಕೊಂಡರೆ ಏಳುವಷ್ಟರಲ್ಲಿ ಎದುರಾಳಿ ಮತ್ತೆ ಎದೆಯ ಮುಂದಿರುತ್ತಾನೆ. 1,200ರಂತೆ ಲೆಕ್ಕ ಹಾಕಿ, ಒಂಬತ್ತು ಎಸೆತಕ್ಕೆ ಆಟ ಮುಗಿಯುತ್ತದೆ. ನಮ್ಮ ಮನೆಯಲ್ಲಿ ಆ ಭಾನುವಾರ ಆದದ್ದು ಇದೇ. ತಾತನ ಪ್ರಶ್ನೆಗೆ ಉತ್ತರವೂ ಇಲ್ಲಿ ಸಿಕ್ಕಿತು. ಹಿಡಿಯುವ ಮೊದಲು ಇವನು ಮಾಡುತ್ತಿದ್ದದ್ದು ಒಂದೊಂದೇ ಹೆಜ್ಜೆ ಹಿಂದೆ ಸರಿದು ಮೂಲೆ ಸೇರುವ ಕೆಲಸ!

ಕೈ ನೋಡಿ ಬಿಡಿಸಿಕೊ

ಎಲ್ಲ ಆಟಗಳೂ ಹೀಗಲ್ಲ. 2024ರ ಜನವರಿಯಲ್ಲಿ ಬಂದ ‘ಟೆಕ್ಕನ್ 8’ರಲ್ಲಿ ಎಸೆತ ನಿಧಾನ, ಹಾಗಾಗಿ ಕಣ್ಣಿಗೆ ಕೆಲಸವಿದೆ. ನಿಂತವರನ್ನು ಹಿಡಿಯುವ ಎಸೆತಗಳಿಗೆ ಬಗ್ಗಿದರೆ ಸಾಕು, ಮೇಲೆ ಹೋಗುತ್ತವೆ. ಸಿಕ್ಕಿಬಿದ್ದರೂ ಸಾಮಾನ್ಯ ಎಸೆತವನ್ನು ಎಡ ಅಥವಾ ಬಲ ಗುದ್ದಿನ ಗುಂಡಿಯಿಂದ ಬಿಡಿಸಬಹುದು. ಜಾಗ್ವಾರ್ ಮುಖವಾಡದ ಕಿಂಗ್‌ನಂಥ ಕುಸ್ತಿಪಟುವಿನ ವಿಶೇಷ ಪಟ್ಟುಗಳಿಗೆ ಅವನ ಯಾವ ಕೈ ಮುಂದೆ ಬಂತೆಂದು ಗಮನಿಸಬೇಕು. ಎಡಗೈಯಾದರೆ ಎಡ ಗುಂಡಿ, ಬಲಗೈಯಾದರೆ ಬಲ ಗುಂಡಿ, ಎರಡೂ ಕೈಯಾದರೆ ಎರಡೂ ಗುಂಡಿ.

ಎರಡು ಆಟಗಳಲ್ಲೂ ಅಭ್ಯಾಸದ ವಿಭಾಗವಿದೆ. ಗೊಂಬೆ ಎದುರಾಳಿಗೆ ಹೊಡೆತ, ಎಸೆತ, ಹಿಂದೆ ಸರಿಯುವುದು ಮೂರನ್ನೂ ಕಲಿಸಿ, ಮನಬಂದ ಕ್ರಮದಲ್ಲಿ ಮಾಡುವಂತೆ ಬಿಡಿ. ದಿನಕ್ಕೆ ಕಾಲು ಗಂಟೆಯ ಈ ಸಾಧನೆ ಎರಡು ಗಂಟೆ ಸಿಟ್ಟಿನಲ್ಲಿ ಆಡುವುದಕ್ಕಿಂತ ಮೇಲು.

ಹೆತ್ತವರಿಗೊಂದು ಮಾತು

ಇದು ಬರೀ ಎಳೆ ಬೆರಳುಗಳ ಚುರುಕು ಎಂದು ತಿಳಿಯಬೇಡಿ. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ‘ಸ್ಟ್ರೀಟ್ ಫೈಟರ್ 5’ ಪದಕದ ಸ್ಪರ್ಧೆಯಾಗಿತ್ತು. ಭಾರತದಿಂದ ಅಯಾನ್ ಬಿಸ್ವಾಸ್ ಮತ್ತು ಮಯಾಂಕ್ ಪ್ರಜಾಪತಿ ಆಡಿದ್ದರು. ಚಿನ್ನ ಗೆದ್ದದ್ದು ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ. ಆಗ ಅವರ ವಯಸ್ಸು 44!

ಹಾಗೆಂದು ಮಗ ಪದಕ ತರುತ್ತಾನೆಂದು ಪುಸ್ತಕ ಕಟ್ಟಿಡಬೇಡಿ. ಆಟದ ಮೇಲೆ ಹಿಡಿತ ತಪ್ಪುವುದು, ಊಟ ನಿದ್ದೆ ಓದಿಗಿಂತ ಅದೇ ಮುಖ್ಯವಾಗುವುದು, ಕೇಡಾದರೂ ಬಿಡಲಾಗದಿರುವುದು – ಇವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಯ ಲಕ್ಷಣಗಳೆಂದೇ ಪಟ್ಟಿ ಮಾಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ಇದಕ್ಕೆಂದು ‘ಷಟ್’ ಚಿಕಿತ್ಸಾಲಯ ಶುರುವಾಯಿತು. ಅಂಥ ಲಕ್ಷಣ ಕಂಡರೆ ಗದರುವುದಕ್ಕಿಂತ ತಜ್ಞರ ಬಳಿ ಹೋಗುವುದು ಒಳ್ಳೆಯದು.

ನಮ್ಮ ಮನೆಯಲ್ಲಿ ಬೀಗ ಬೀಳಲಿಲ್ಲ, ಒಪ್ಪಂದವಾಯಿತು. ಭಾನುವಾರ ಒಂದು ಗಂಟೆ ಆಟ. ಸೋತ ಪಂದ್ಯವನ್ನು ಒಮ್ಮೆ ಮತ್ತೆ ಹಾಕಿ ನೋಡಬೇಕು. ಕಂಟ್ರೋಲರ್ ಎಸೆದರೆ ಆ ತಿಂಗಳ ಆಟ ರದ್ದು.

ಮೊನ್ನೆ ಪಂದ್ಯ ನಡೆದಿತ್ತು. ಎದುರಾಳಿ ಹತ್ತಿರ ಬಂದ. ಹುಡುಗನ ಹೆಬ್ಬೆರಳು ಗುಂಡಿಯ ಮೇಲೆ ಆಡಿತು, ಆದರೆ ಒತ್ತಲಿಲ್ಲ. ಎದುರಾಳಿ ಎತ್ತಿ ಒಗೆದ.

“ಬಿದ್ದೆಯಲ್ಲೋ!” ಎಂದರು ತಾತ.

“ಬಿದ್ದೆ ತಾತಾ. ಆದ್ರೆ ಮೂಲೇಲಿ ಬೀಳಲಿಲ್ಲ,” ಎಂದು ಪರದೆಯಿಂದ ಕಣ್ಣು ತೆಗೆಯದೆ ಹೇಳಿದ.