ಬಳ್ಳಾರಿ ಬಯಲು: ನಂಬಿಕೆ ಏನು, ನಿಜ ಏನು?

ಬಳ್ಳಾರಿ ಎಂದರೆ ಬಿಸಿಲು, ಬಂಡೆ, ಗಣಿ ದೂಳು. ಇಲ್ಲಿ ಉಳಿಸಿಕೊಳ್ಳಲು ಕಾಡಾದರೂ ಎಲ್ಲಿದೆ ಎಂದು ಕೇಳುವವರೇ ಹೆಚ್ಚು. ಆ ಪ್ರಶ್ನೆಯ ಹಿಂದಿರುವ ನಾಲ್ಕು ನಂಬಿಕೆಗಳನ್ನು ಒರೆಗೆ ಹಚ್ಚೋಣ.

ತಪ್ಪು ಕಲ್ಪನೆ 1: ಮರವಿಲ್ಲದ ಬಯಲು ಬರೀ ಬೀಳು ನೆಲ.

ಸತ್ಯ: ಸಿರುಗುಪ್ಪ ತಾಲ್ಲೂಕಿನ ಎರೆಹೊಲ ಮತ್ತು ಹುಲ್ಲುಬಯಲು, ಎರ್ಲಡ್ಡು ಹಕ್ಕಿಗೆ ಕರ್ನಾಟಕದಲ್ಲಿ ಉಳಿದ ಕೊನೆಯ ನೆಲೆಗಳಲ್ಲಿ ಒಂದು. ಸುಮಾರು ಒಂದು ಮೀಟರ್ ಎತ್ತರದ ಈ ಹಕ್ಕಿಯಲ್ಲಿ ಗಂಡು 15 ಕಿಲೋವರೆಗೂ ತೂಗುತ್ತದೆ. ಇದು ಮರದಲ್ಲಿ ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಶತ್ರು ದೂರದಿಂದಲೇ ಕಾಣುವ ಬಟಾಬಯಲೇ ಅದಕ್ಕೆ ರಕ್ಷೆ. 2011ರಲ್ಲಿ ಇದನ್ನು ಅಳಿವಿನ ಅತಿ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಈಗ ಉಳಿದಿರುವವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ.

ತಪ್ಪು ಕಲ್ಪನೆ 2: ಎಲ್ಲಿ ಗಿಡ ನೆಟ್ಟರೂ ಪರಿಸರಕ್ಕೆ ಒಳ್ಳೆಯದೇ.

ಸತ್ಯ: ಹುಲ್ಲುಗಾವಲಿನಲ್ಲಿ ನೆಡುತೋಪು ಎದ್ದರೆ ಬಯಲಿನ ಜೀವಿಗಳು ನೆಲೆ ಕಳೆದುಕೊಳ್ಳುತ್ತವೆ. ಊರಿನ ಹೆಸರು ಹೊತ್ತ ಬಳ್ಳಾರಿ ಜಾಲಿಯನ್ನೇ ನೋಡಿ. ಇದು ಇಲ್ಲಿಯದಲ್ಲ, 19ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ತಂದದ್ದು. ಸೌದೆ, ಇದ್ದಿಲಿಗೆ ಒದಗುತ್ತದೆ, ನಿಜ. ಆದರೆ ದನ-ಕುರಿ ತಿಂದ ಕಾಯಿಯ ಬೀಜ ಸಗಣಿ, ಹಿಕ್ಕೆಯೊಂದಿಗೆ ಊರೂರಿಗೆ ಹರಡಿ, ಹುಲ್ಲು ಬೆಳೆಯುವ ಜಾಗವನ್ನೆಲ್ಲ ನುಂಗುತ್ತದೆ.

ತಪ್ಪು ಕಲ್ಪನೆ 3: ಬೇಟೆ ನಿಂತರೆ ಹಕ್ಕಿ ಉಳಿದಂತೆಯೇ.

ಸತ್ಯ: ಬೇಟೆ ಹಳೆಯ ಪೆಟ್ಟು, ಈಗ ಪೆಟ್ಟುಗಳು ಹಲವು. 1953ರಿಂದೀಚೆಗೆ ತುಂಗಭದ್ರಾ ಕಾಲುವೆಯ ನೀರು ಹರಿದಲ್ಲೆಲ್ಲ ಜೋಳ, ಕಡಲೆಯ ಜಾಗಕ್ಕೆ ಭತ್ತ ಬಂತು. ರೈತನ ಕೈಗೆ ಕಾಸು ಬಂತು, ಬಯಲು ಕಿರಿದಾಯಿತು. ಕೀಟನಾಶಕ ಹಕ್ಕಿಯ ಆಹಾರವಾದ ಮಿಡತೆ, ಜೀರುಂಡೆಗಳನ್ನು ಕೊಲ್ಲುತ್ತದೆ. ಬೀದಿನಾಯಿ ಮೊಟ್ಟೆ ಕದಿಯುತ್ತದೆ. ಹೊಸ ಅಪಾಯ ವಿದ್ಯುತ್ ತಂತಿ. ಎರ್ಲಡ್ಡುವಿನ ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ಎದುರಿನ ತಂತಿ ಸರಿಯಾಗಿ ಕಾಣುವುದಿಲ್ಲ. ಭಾರದ ಮೈ ತಟ್ಟನೆ ಹೊರಳುವುದೂ ಇಲ್ಲ. ಸೌರ, ಪವನ ವಿದ್ಯುತ್ತಿಗೆ ಹೊಗೆಯಿಲ್ಲ, ಆದರೆ ತಂತಿಯಿದೆ. ರಾಜಸ್ಥಾನ, ಗುಜರಾತಿನ ತಂತಿಗಳ ವಿವಾದ 2021ರಲ್ಲೇ ಸುಪ್ರೀಂ ಕೋರ್ಟಿನ ಆದೇಶ ಕಂಡಿತು. 2024ರಲ್ಲಿ ಆ ಆದೇಶ ಸಡಿಲವಾಯಿತು.

ತಪ್ಪು ಕಲ್ಪನೆ 4: ಕುರುಗೋಡಿನಂಥ ಬಂಡೆಗುಡ್ಡದಲ್ಲಿ ಕಲ್ಲಲ್ಲದೆ ಇನ್ನೇನಿದೆ?

ಸತ್ಯ: ಇಂಥ ಗುಡ್ಡಗಳ ಸಂದುಗೊಂದುಗಳೇ ಉಡ, ಗೂಬೆ, ಚಿರತೆಗಳಿಗೆ ಆಸರೆ. ಹಳದಿ ಗಂಟಲಿನ ಪಿಕಳಾರ ಹಕ್ಕಿಯಂತೂ ದಕ್ಷಿಣ ಭಾರತದ ಕಲ್ಲುಗುಡ್ಡ ಬಿಟ್ಟು ಬೇರೆಲ್ಲೂ ಬದುಕುವುದಿಲ್ಲ. ಕಡಿದ ಮರ ಚಿಗುರಬಹುದು, ಸಿಡಿಸಿದ ಬಂಡೆ ಚಿಗುರದು.

ಗಿಡ ನೆಡುವುದಾದರೆ ಬಳ್ಳಾರಿಯ ಬೀದಿಬದಿ, ಶಾಲೆಯ ಅಂಗಳ, ಕೆರೆ ಏರಿಯ ಆಸುಪಾಸಿನಲ್ಲಿ ನೆಡೋಣ. ಸಿರುಗುಪ್ಪದ ಹೊಲದಲ್ಲಿ ಎರ್ಲಡ್ಡುವಿನ ಮೊಟ್ಟೆ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ಬಯಲನ್ನು ಬಯಲಾಗಿಯೇ ಬಿಡುವುದೂ ಕಾಡು ಉಳಿಸುವ ಕೆಲಸವೇ.