ಚಿಕ್ಕಲ್ಲೂರಿನ ಪಂಕ್ತಿಸೇವೆ

ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿಯು ಮುತ್ತತ್ತಿಯ ಕಾಡುಗಳ ನಡುವೆ ಇಕ್ಕಟ್ಟಾದ ಕಣಿವೆಯನ್ನು ಹಿಡಿದು ತಮಿಳುನಾಡಿನತ್ತ ಸಾಗುವಾಗ ಅದರ ಬಲದಂಡೆಯ ಮೇಲೆ ಹರಡಿಕೊಳ್ಳುವ ಕೊಳ್ಳೇಗಾಲದ ಸೀಮೆಯು ಎಂದಿನಿಂದಲೂ ದಾರಿಹೋಕರ ನಾಡು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದರ ಮಗ್ಗುಲಿನ ಯಳಂದೂರಾದರೋ 1807ರಿಂದ ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರಾಗಿ ಮೈಸೂರಿನೊಳಗಿತ್ತು. ಒಂದು ಹೊತ್ತಿನ ನಡಿಗೆಯಲ್ಲಿ ಒಂದು ಸರ್ಕಾರದ ಸೀಮೆಯನ್ನು ಬಿಟ್ಟು ಇನ್ನೊಂದು ಸರ್ಕಾರದ ಸೀಮೆಯನ್ನು ಹೊಗುತ್ತಿದ್ದ ರೇಷ್ಮೆಯ ವ್ಯಾಪಾರಿಗಳೂ ದನದ ಸಂತೆಯವರೂ ಬೆಟ್ಟ ಹತ್ತುವ ಯಾತ್ರಿಕರೂ ಜೋಳಿಗೆಯ ಜೋಗಿಗಳೂ ಯಾವುದಾದರೊಂದು ಊರಿನ ಜಗಲಿಯಲ್ಲಿ ರಾತ್ರಿ ಕಳೆಯಲೇಬೇಕಾಗಿದ್ದುದರಿಂದ, ಅಪರಿಚಿತನನ್ನು ಹೇಗೆ ಬರಮಾಡಿಕೊಳ್ಳಬೇಕೆಂಬ ಪ್ರಶ್ನೆಯು ಇಲ್ಲಿಯ ಜನಕ್ಕೆ ನಿತ್ಯಜೀವನದ ಪ್ರಶ್ನೆಯೇ ಆಗಿತ್ತು. ಆ ಪ್ರಶ್ನೆಗೆ ಅವರು ಕೊಟ್ಟ ಅತ್ಯಂತ ಉದಾತ್ತವಾದ ಉತ್ತರವು ಇದೇ ಸೀಮೆಯ ಚಿಕ್ಕಲ್ಲೂರಿನಲ್ಲಿ, ವರ್ಷಕ್ಕೊಮ್ಮೆ, ಬಯಲಿನಲ್ಲಿ ಹೂಡಿದ ಮೂರು ಕಲ್ಲಿನ ಒಲೆಗಳ ಮೇಲೆ ಬೇಯುತ್ತದೆ. ಅದಕ್ಕೆ ಪಂಕ್ತಿಸೇವೆಯೆಂದು ಹೆಸರು.

ಈ ಸೇವೆಯ ಮರ್ಮವನ್ನು ತಿಳಿಯಬೇಕಾದರೆ, ಅದರ ಹಿಂದಿರುವ ಕಥೆಗಳನ್ನು ಮೊದಲು ಕೇಳಬೇಕು. 15–16ನೆಯ ಶತಮಾನದ ಸುಮಾರಿನವನೆಂದು ವಿದ್ವಾಂಸರು ಊಹಿಸುವ ಮಂಟೇಸ್ವಾಮಿಯ ಮಹಾಕಾವ್ಯವನ್ನು ನೀಲಗಾರರೆಂಬ ಗಾಯಕರು ತಂಬೂರಿ ಹಿಡಿದು ಇರುಳೆಲ್ಲ ಹಾಡುತ್ತಾರೆ. ಆ ಕಾವ್ಯದಲ್ಲಿ ಶರಣರ ಊರಾದ ಕಲ್ಯಾಣದ ಭಾಗವು ಒಂದು ಬಾಗಿಲಿನ ಮುಂದೆ ನಡೆಯುತ್ತದೆ. ಒಳಗೆ ಅಸಂಖ್ಯ ಜಂಗಮರಿಗೆ ನಿತ್ಯವೂ ದಾಸೋಹ. ಹೊರಗೆ, ಮದ್ಯಮಾಂಸಗಳನ್ನು ಹೊತ್ತು ಕಣ್ಣಿಗೆ ಅಸಹ್ಯವಾಗಿ ತೋರುವ ಭಿಕ್ಷುಕನ ವೇಷದಲ್ಲಿ ಬಂದು ನಿಂತ ಮಂಟೇಸ್ವಾಮಿ. ಬಾಗಿಲು ಕಾಯುವವರು ಅವನನ್ನು ತಡೆಯುತ್ತಾರೆ. ಸಮಾನತೆಯನ್ನು ಸಾರಿದ ಊರಿನಲ್ಲಿಯೇ, ಅನ್ನಕ್ಕೆ ಕೊರತೆಯಿಲ್ಲದ ಮನೆಯಲ್ಲಿಯೇ, ಒಬ್ಬ ಹೊಸಬನಿಗೆ ಜಾಗವಿಲ್ಲದೆ ಹೋಯಿತೆಂಬ ಈ ಆಕ್ಷೇಪವನ್ನು ಅಕ್ಷರವನ್ನರಿಯದ ಗಾಯಕರು ನೂರಾರು ವರ್ಷ ಕಂಠಸ್ಥವಾಗಿ ಕಾಪಾಡಿಕೊಂಡು ಬಂದರೆಂಬುದನ್ನು ನೆನೆದಾಗ ಅವರಿಗೆ ಕೈಮುಗಿಯಬೇಕೆನಿಸುತ್ತದೆ.

ಮಂಟೇಸ್ವಾಮಿಯ ಶಿಷ್ಯನಾದ ಸಿದ್ಧಪ್ಪಾಜಿಯ ಕಥೆ ಇನ್ನೂ ಕಠೋರವಾದುದು. ಮದ್ದೂರು ಸೀಮೆಯ ನಿಡುಘಟ್ಟದ ಪಾಂಚಾಳರ ಮನೆಯಲ್ಲಿ ಕೆಂಪಾಚಾರಿಯಾಗಿ ಹುಟ್ಟಿ, ಗುರುವಿನ ಕೈಯಲ್ಲಿ ಸಿದ್ಧಪ್ಪಾಜಿಯಾದ ಈತನನ್ನು ಬೊಪ್ಪೇಗೌಡನಪುರದ ಮಠಕ್ಕೆ ಬೇಕಾದ ಕಬ್ಬಿಣವನ್ನು ಭಿಕ್ಷೆಯಾಗಿ ತರಲು ಹಲಗೂರಿಗೆ ಕಳುಹಿಸಲಾಯಿತು. ಅಲ್ಲಿಯ ಪಾಂಚಾಳರು ತಮ್ಮ ಕುಲದವನೇ ಆದ ಈ ಭಿಕ್ಷುಕನಿಗೆ ಕೊಟ್ಟದ್ದು ವಿಷ. ಅದನ್ನು ಜೀರ್ಣಿಸಿಕೊಂಡು, ಪವಾಡಗಳನ್ನು ಗೆದ್ದು, ಕಬ್ಬಿಣವನ್ನು ಪಡೆದುಕೊಂಡೇ ಆತನು ಹಿಂದಿರುಗಿದನೆಂದು ಕಥೆ. ಅಂಥ ಸಿದ್ಧಪ್ಪಾಜಿಯ ಗದ್ದುಗೆಯಿರುವುದು ಚಿಕ್ಕಲ್ಲೂರಿನಲ್ಲಿ. ಬಂದವನಿಗೆ ವಿಷವಿಕ್ಕಿದ ಊರನ್ನು ಗೆದ್ದವನ ಸನ್ನಿಧಿಯಲ್ಲಿ ಬಂದವರೆಲ್ಲರಿಗೂ ಅನ್ನವಿಕ್ಕುವ ಸೇವೆ ಬೆಳೆದುದನ್ನು ಆಕಸ್ಮಿಕವೆನ್ನಲು ನನಗೆ ಮನಸ್ಸು ಒಡಂಬಡದು. ಇದೇ ಸೀಮೆಯ ಮಲೆಯ ಮಾದೇಶ್ವರನ ಕಾವ್ಯದಲ್ಲಿಯೂ ಬೇವಿನಹಟ್ಟಿಯ ಕಾಳಮ್ಮನ ದೊಡ್ಡ ಅಪರಾಧವೆಂದರೆ ಬಾಗಿಲಿಗೆ ಬಂದವನಿಗೆ ಭಿಕ್ಷೆಯಿಲ್ಲವೆಂದುದೇ ಆಗಿದೆ. ಯಳಂದೂರಿನ ಬಿಳಿಗಿರಿಬೆಟ್ಟದ ಸೋಲಿಗರಂತೂ ರಂಗನಾಥನನ್ನೇ ತಮ್ಮ ಕುಲದ ಹೆಣ್ಣು ಕುಸುಮಾಲೆಯನ್ನು ವರಿಸಿದ ಭಾವನೆಂದು ಕರೆದು ಸಲಿಗೆಯಿಂದ ಮಾತನಾಡಿಸುತ್ತಾರೆ. ಹೊರಗಿನಿಂದ ಬಂದ ದೇವರನ್ನೂ ನಂಟನನ್ನಾಗಿ ಮಾಡಿಕೊಂಡ ಜನ ಅವರು.

ಜಾತ್ರೆ ನೆರೆಯುವುದು ಪುಷ್ಯ ಮಾಸದ ಬನದ ಹುಣ್ಣಿಮೆಗೆ, ಸಾಮಾನ್ಯವಾಗಿ ಜನವರಿಯಲ್ಲಿ. ನಡೆಯುವುದು 5 ದಿನ. ಮೊದಲನೆಯ ರಾತ್ರಿ ಚಂದ್ರಮಂಡಲ. ಸುತ್ತಲ ಗ್ರಾಮಗಳ ನಾನಾ ಕುಲದವರು ತಂದೊದಗಿಸಿದ ಸಾಮಗ್ರಿಯಿಂದ, ಬಿದಿರು ಕಟ್ಟಿ ಬಟ್ಟೆ ಸುತ್ತಿ ನಿಲ್ಲಿಸಿದ ಆಕೃತಿಗೆ ಬೊಪ್ಪೇಗೌಡನಪುರದ ಮಠದವರು ಅಗ್ನಿಸ್ಪರ್ಶ ಮಾಡುತ್ತಾರೆ. ಜ್ವಾಲೆ ಯಾವ ದಿಕ್ಕಿಗೆ ಹೆಚ್ಚಾಗಿ ಬಾಗುವುದೋ ಆ ದಿಕ್ಕಿನ ನಾಡಿಗೆ ಮಳೆಬೆಳೆ ಸಮೃದ್ಧಿಯೆಂದು ನಂಬಿಕೆ. ಎರಡನೆಯ ದಿನ ದೊಡ್ಡವರ ಸೇವೆ, ಮೂರನೆಯ ದಿನ ಮುಡಿಸೇವೆ, ನಾಲ್ಕನೆಯ ದಿನ ಪಂಕ್ತಿಸೇವೆ, ಐದನೆಯ ದಿನ ಮುತ್ತತ್ತಿರಾಯನ ಸೇವೆ. ಸ್ವಾಮಿಯ ಲಾಂಛನಗಳಾದ ಕಂಡಾಯಗಳ ಮೆರವಣಿಗೆ, ಜಾಗಟೆಯ ಧ್ವನಿ, ಹಣೆಗೆ ಹಚ್ಚುವ ಕಪ್ಪುಧೂಳ್ತ, ಇವೆಲ್ಲ ಜಾತ್ರೆಯ ಅಂಗಗಳೇ. ಆದರೆ ಆ ಬಯಲಿಗೆ ಕಾಲಿಟ್ಟವನು ಮೊದಲು ಕಾಣುವುದು ದೇವಾಲಯವನ್ನಲ್ಲ, ಬಿಡಾರಗಳನ್ನು. ಹಿಂದೆ ಕಮಾನು ಕಟ್ಟಿದ ಎತ್ತಿನ ಗಾಡಿಗಳಲ್ಲಿ, ಈಗ ಟ್ರ್ಯಾಕ್ಟರು ಲಾರಿಗಳಲ್ಲಿ, ಮಂಡ್ಯ ಮೈಸೂರು ರಾಮನಗರ ಚಾಮರಾಜನಗರ ಜಿಲ್ಲೆಗಳಿಂದಲೂ ತಮಿಳುನಾಡಿನ ಗಡಿಯಿಂದಲೂ ಬಂದ ಒಕ್ಕಲುಗಳು ಅಕ್ಕಿ, ರಾಗಿಹಿಟ್ಟು, ಸೌದೆ, ಪಾತ್ರೆಪಡಗಗಳೊಡನೆ ಹೊಲಗಳಲ್ಲಿ ಗುಡಾರ ಹಾಕಿ, ತಂತಮ್ಮ ಒಲೆಗಳನ್ನು ಹೂಡುತ್ತವೆ. ಇಲ್ಲಿ ಒಂದೇ ದೊಡ್ಡ ಪಾಕಶಾಲೆಯಿಲ್ಲ, ನೇಮಿಸಿದ ಅಡಿಗೆಯವರಿಲ್ಲ, ಊಟಕ್ಕೆ ಚೀಟಿಯಿಲ್ಲ. ಒಲೆಗಳು ಅನೇಕ, ಸೇವೆ ಒಂದು.

ನಾಲ್ಕನೆಯ ದಿನ ಬೆಳಕು ಹರಿಯುವುದೇ ಹೊಗೆಯೊಡನೆ. ಹೆಂಗಸರು ಕೊತ್ತಂಬರಿ ಮೆಣಸು ಹುರಿದು, ಕಾಯಿ ತುರಿದು, ಕಾರ ಅರೆಯುತ್ತಿರುತ್ತಾರೆ. ಗಂಡಸರು ಬಾಡನ್ನು ಹಸನು ಮಾಡಿ ಪಾಲು ಹಾಕುತ್ತಿರುತ್ತಾರೆ. ಬಲವಾದ ತೋಳಿನವನೊಬ್ಬನು ಪಾತ್ರೆಯನ್ನು ಎರಡು ಪಾದಗಳ ನಡುವೆ ಬಿಗಿಹಿಡಿದು, ಗಂಟು ನಿಲ್ಲದಂತೆ ಕೋಲಿನಿಂದ ಹಿಟ್ಟು ತೊಳಸುತ್ತಿರುತ್ತಾನೆ. ಇಂಥ ಸಮಯದಲ್ಲಿ ಹೊಸಬನೊಬ್ಬನು, ಒಕ್ಕಲಿನವನಲ್ಲದವನು, ಜಾತ್ರೆಯನ್ನು ನೋಡಿ ಹೋಗೋಣವೆಂದು ಬಂದವನು, ಬಿಡಾರದ ಮುಂದೆ ಸಂಕೋಚದಿಂದ ನಿಂತರೆ ಅವನನ್ನು ಅತಿಥಿಯೆಂದು ಚಾಪೆಯ ಮೇಲೆ ಕೂರಿಸಿ ಸುಮ್ಮನಾಗುವುದು ಇಲ್ಲಿಯ ಪರಿಪಾಠವಲ್ಲ. "ಯಾವೂರಾಯ್ತು?" ಎಂದು ಕೇಳಿದ ಮರುಗಳಿಗೆಯಲ್ಲಿಯೇ "ಬನ್ನಿ, ಕುಂತ್ಕಳಿ, ವಸಿ ಈ ಬೆಳ್ಳುಳ್ಳಿ ಸುಲೀರಿ" ಎಂಬ ಮಾತು ಬರುತ್ತದೆ, ಹುಡುಗನಾದರೆ "ಒಲ ಮುಂದ ಕುಂತ್ಕೊ ಕಂದ, ಸೌದ ತಳ್ತಿರು" ಎನ್ನುತ್ತಾರೆ. ನನ್ನ ದೃಷ್ಟಿಯಲ್ಲಿ ಇದೇ ಇಲ್ಲಿಯ ಸತ್ಕಾರದ ಪರಮರಹಸ್ಯ. ಉಪಚಾರವನ್ನು ಸ್ವೀಕರಿಸುತ್ತ ಕುಳಿತವನು ಎಷ್ಟು ಹೊತ್ತಾದರೂ ಪರಕೀಯನೇ. ಕೈಗೆ ಒಂದು ಕೆಲಸ ಬಂದವನಾದರೋ, ಅದು ಎಷ್ಟೇ ಅಲ್ಪವಾದುದಾಗಿರಲಿ, ಅಡಿಗೆಯಲ್ಲಿ ಪಾಲುಗಾರನಾಗಿ, ಉಪ್ಪು ಸಾಕೆ ಬೇಕೆ ಎಂಬ ಚರ್ಚೆಯಲ್ಲಿ ತಾನೂ ಒಂದು ಮಾತು ಆಡುವ ಅಧಿಕಾರವನ್ನು ಪಡೆಯುತ್ತಾನೆ. ಹೊಸ ಸೊಸೆಗೂ ಇದೇ ನ್ಯಾಯವಲ್ಲವೆ? ತನ್ನ ಕೈಯಿಂದ ಒಂದು ಸಾರು ಮಾಡಿ ಬಡಿಸುವವರೆಗೆ ಮನೆ ಅವಳದಾಗುವುದಿಲ್ಲ. ಗೃಹಿಣಿಯರ ಬಾಳನ್ನು ಕುರಿತು 'ಹದಿಬದೆಯ ಧರ್ಮ'ವನ್ನು ಬರೆದ ಸಂಚಿಯ ಹೊನ್ನಮ್ಮ ಯಳಂದೂರಿನವಳೆಂಬುದನ್ನು ಇಲ್ಲಿ ಸ್ಮರಿಸದಿರಲಾರೆ.

ಅಡಿಗೆಯಾದ ಮೇಲೆ ಮೊದಲು ಸಿದ್ಧಪ್ಪಾಜಿಗೆ ಎಡೆ. ಎಲೆಯ ಮೇಲೆ ಹಿಟ್ಟು, ಅನ್ನ, ಬಾಡಿನ ಸಾರುಗಳನ್ನಿಟ್ಟು, ಧೂಪ ಹಾಕಿ, ನೀಲಗಾರರು ಸ್ವಾಮಿಯ ಹೆಸರನ್ನು ಕೂಗುತ್ತಾರೆ. ಅನಂತರ ಬಯಲಿನಲ್ಲಿಯೇ ಸಾಲು ಹಿಡಿದು ಎಲ್ಲರೂ ಕೂರುತ್ತಾರೆ: ಹೊಲೆಯರು, ಒಕ್ಕಲಿಗರು, ಕುರುಬರು, ಉಪ್ಪಾರರು, ಪರಿವಾರದವರು, ಕುಂಬಾರರು, ಪಕ್ಕದ ಬಿಡಾರದವರು, ಬೆಳ್ಳುಳ್ಳಿ ಸುಲಿದ ಆ ಹೊಸಬ. ಪಂಕ್ತಿಭೇದವೇ ಭೋಜನದ ನಿಯಮವಾಗಿದ್ದ, ಯಾರ ಪಕ್ಕದಲ್ಲಿ ಯಾರು ಕೂತರು ಎಂಬುದರಿಂದಲೇ ಕುಲದ ಮಾನವನ್ನು ಅಳೆಯುತ್ತಿದ್ದ ದೇಶದಲ್ಲಿ, ವಿದ್ಯಾವಂತರ ಉಪನ್ಯಾಸಗಳಿಗೂ ಸರ್ಕಾರದ ಶಾಸನಗಳಿಗೂ ಬಹು ಪೂರ್ವದಲ್ಲಿಯೇ ಬಡ ಒಕ್ಕಲುಗಳು ತಮ್ಮ ಖರ್ಚಿನಲ್ಲಿ, ತಮ್ಮ ಒಲೆಯಲ್ಲಿ, ಇಂಥ ಪಂಕ್ತಿಯೊಂದನ್ನು ಹಾಕಿದರು.

ಹಿಂದಿನ ದಿನದ ಮುಡಿಸೇವೆಯ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಬೇಕು. ಹೊಸದಾಗಿ ನೀಲಗಾರರಾಗುವವರಿಗೆ ದೀಕ್ಷೆ ದೊರೆಯುವುದು ಅಂದು. ಒಕ್ಕಲಿನ ಕುಟುಂಬಗಳು ಮಗನೊಬ್ಬನನ್ನು ಸ್ವಾಮಿಯ ಹೆಸರಿಗೆ ಬಿಡುವ ಸಂಪ್ರದಾಯವುಂಟು. ಹಾಗೆ ಬಿಟ್ಟವನಿಗೆ ಜೋಳಿಗೆಯೂ ಬೆತ್ತವೂ ದೊರೆತು, ಭಿಕ್ಷೆಯ ಅಧಿಕಾರ ಸಿದ್ಧಿಸುತ್ತದೆ. ಕುಲ ಯಾವುದಾದರೂ ನೀಲಗಾರನಾಗಲು ಅಡ್ಡಿಯಿಲ್ಲ. ಹಾಡನ್ನು ಮಾತ್ರ ಯಾರೂ ಒಂದು ದಿನದಲ್ಲಿ ಕೊಡಲಾರರು. ಹಿರಿಯರ ಹಿಂದೆ ಕುಳಿತು ಸೊಲ್ಲು ಹಿಡಿದು, ವರ್ಷಗಟ್ಟಲೆ ಹಿಮ್ಮೇಳದಲ್ಲಿದ್ದವನು ಮುಂದೊಂದು ದಿನ ಮುಮ್ಮೇಳಕ್ಕೆ ಬರುತ್ತಾನೆ.

ಈಚಿನ ವರ್ಷಗಳಲ್ಲಿ ಪಂಕ್ತಿಸೇವೆಯು ವಿವಾದಕ್ಕೆ ವಿಷಯವಾಗಿದೆ. 1959ರ ಪ್ರಾಣಿಬಲಿ ನಿಷೇಧ ಶಾಸನವನ್ನು ಜಾರಿಗೆ ತರಬೇಕೆಂದು ಜಿಲ್ಲಾಡಳಿತವು ಜಾತ್ರೆಯ ದಾರಿಗಳಲ್ಲಿ ತಪಾಸಣೆಯ ಠಾಣೆಗಳನ್ನು ಹಾಕುತ್ತದೆ. ದೇವರ ಮುಂದೆ ಇಲ್ಲಿ ಬಲಿಯೇ ಇಲ್ಲ, ತಾವು ಮಾಡುವುದು ಅಡಿಗೆ, ಅದನ್ನು ಹಂಚಿಕೊಂಡು ಉಣ್ಣುವುದು ಮಾತ್ರ ಎಂದು ಒಕ್ಕಲುಗಳು ವಾದಿಸುತ್ತವೆ. ಶಾಸನದ ಅರ್ಥವನ್ನು ನಿರ್ಣಯಿಸತಕ್ಕವರು ನ್ಯಾಯಾಧೀಶರು. ಆದರೆ ಒಂದು ಮಾತನ್ನು ಆಡಲೇಬೇಕು: ಬಡವನು ತನ್ನ ಮನೆಯಲ್ಲಿ ಹಬ್ಬಕ್ಕೆ ಏನನ್ನು ಬೇಯಿಸಿ ಸಂತೋಷಪಡುವನೋ ಅದನ್ನೇ ತನ್ನ ದೇವರೊಡನೆಯೂ ಅಪರಿಚಿತನೊಡನೆಯೂ ಹಂಚಿಕೊಳ್ಳುವುದರಲ್ಲಿ ಅವನ ಆತ್ಮಗೌರವವಿದೆ, ಅವನ ಆಹಾರವನ್ನು ಹೀನವೆಂದು ಮೊದಲೇ ತೀರ್ಮಾನಿಸಿ ಮಾಡುವ ಯಾವ ಸುಧಾರಣೆಯೂ ಕಲ್ಯಾಣದ ಬಾಗಿಲಿನ ಕಾವಲುಗಾರನ ತಪ್ಪನ್ನೇ ಮತ್ತೆ ಮಾಡಿದಂತೆ.

ಒಟ್ಟಿಗೆ ಉಣ್ಣುವುದಕ್ಕೆ ಅನ್ನಕ್ಕಿಂತ ಮೊದಲು ಬೇಕಾದುದು ವಿಶ್ವಾಸ. ಆ ವಿಶ್ವಾಸ ಎಷ್ಟು ಕೋಮಲವಾದುದೆಂಬುದನ್ನು ಇದೇ ಸೀಮೆಯ ಹನೂರಿನ ಜನ ಅತ್ಯಂತ ದಾರುಣವಾಗಿ ಅರಿತವರು. 2018ರ ಡಿಸೆಂಬರ್ 14ರಂದು, ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ದೇವಾಲಯದಲ್ಲಿ ವಿಷ ಬೆರೆತ ಪ್ರಸಾದವನ್ನು ಉಂಡು 17 ಮಂದಿ ಪ್ರಾಣ ಬಿಟ್ಟರು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆಗಳಲ್ಲಿ ನರಳಿದರು. ಸತ್ತವರು ಬಹುಪಾಲು ಕೂಲಿನಾಲಿಯ ಜನ. ಹಲಗೂರಿನ ವಿಷವನ್ನು ಜೀರ್ಣಿಸಿಕೊಂಡ ಕಥೆಯನ್ನು ಹಾಡುವ ನಾಡಿನಲ್ಲಿ ಈ ವಿಷವನ್ನು ಯಾರೂ ಜೀರ್ಣಿಸಿಕೊಳ್ಳಲಾಗಲಿಲ್ಲ. ತಿಂಗಳು ಕಳೆದು ಬನದ ಹುಣ್ಣಿಮೆ ಬಂದಾಗ ಅದೇ ಸೀಮೆಯ ಚಿಕ್ಕಲ್ಲೂರಿನ ಜಾತ್ರೆಯ ಸರದಿ. ಇಂದಿಗೂ ಅಲ್ಲಿ ಗೊತ್ತಿಲ್ಲದವನ ಕೈಯಿಂದ ತುತ್ತನ್ನು ಸ್ವೀಕರಿಸುವವರಿದ್ದಾರೆಂಬುದು ಈ ಸೀಮೆಯ ಅಂತಸ್ಸತ್ವಕ್ಕೆ ಸಾಕ್ಷಿ. ಜಾತ್ರೆಯ ಅಡಿಗೆಯಲ್ಲಿ ಎಲ್ಲರ ಕಣ್ಣೆದುರಿಗೆ, ಎಲ್ಲರ ಕೈಯೂ ಸೇರಿ ಬೇಯುವುದೆಂಬುದೂ ಈ ಧೈರ್ಯಕ್ಕೆ ಒಂದು ಕಾರಣವಿರಬೇಕು.

ಹೊಸಬರು ಜಾತ್ರೆಗೆ ಮಾತ್ರವೇ ಬಂದವರಲ್ಲ. 1970ರ ದಶಕದಲ್ಲಿ ಹನೂರಿನ ಒಡೆಯರಪಾಳ್ಯದ ಬಳಿ ನೆಲೆಗೊಂಡ ಟಿಬೆಟನ್ನರ ಧೊಂಡೆನ್‌ಲಿಂಗ್ ವಸತಿಯಲ್ಲಿ ಹುಟ್ಟಿದ ಮಕ್ಕಳು ಇಂದು ಕನ್ನಡ ಮಾತಾಡುತ್ತಾರೆ. ಹುರಿದ ಜವೆಗೋಧಿಯ ಹಿಟ್ಟಿನ ನಾಡಿನವರು ಇಲ್ಲಿಯ ಮಣ್ಣಿನಲ್ಲಿ ಮುಸುಕಿನ ಜೋಳ ಬೆಳೆಯುವುದನ್ನು ಕಲಿತರು. ಮಾರ್ಟಳ್ಳಿಯ ಸುತ್ತಿನಲ್ಲಿ ತಮಿಳಾಡುವ ಕ್ರೈಸ್ತರು ತಲೆಮಾರುಗಳಿಂದ ಬಾಳುತ್ತಿದ್ದಾರೆ. ಮಲೆಯ ಮಾದೇಶ್ವರನ ಬೆಟ್ಟದ ದಾಸೋಹದಲ್ಲಿ ಕನ್ನಡಿಗರೂ ತಮಿಳರೂ ಒಂದೇ ಸಾಲಿನಲ್ಲಿ ಉಣ್ಣುತ್ತಾರೆ. ಅದು ಮಹತ್ತಾದ ಅನ್ನದಾನವೇ ಸರಿ. ಆದರೆ ಅಲ್ಲಿ ಬಡಿಸುವವರು ಬೇರೆ, ಉಣ್ಣುವವರು ಬೇರೆ. ಚಿಕ್ಕಲ್ಲೂರಿನಲ್ಲಿ ಈ ಭೇದವೂ ಕರಗುವುದರಿಂದ, ನನ್ನ ಮನಸ್ಸು ಅದನ್ನೇ ಒಂದು ಮೆಟ್ಟಿಲು ಮೇಲೆ ಇಡುತ್ತದೆ.

ಜಾತ್ರೆ ಮುಗಿದು ಗಾಡಿಗಳು ಊರು ಸೇರಿದ ಮೇಲೆ ಈ ಪಂಕ್ತಿ ಎಷ್ಟು ಮನೆಗಳ ಒಳಗೆ ಪ್ರವೇಶಿಸುತ್ತದೆಂದು ಕೇಳಿದರೆ ಉತ್ತರ ಸಂತೋಷಕರವಾದುದಲ್ಲ. ಬಯಲಿನಲ್ಲಿ ಪಕ್ಕದಲ್ಲಿ ಕುಳಿತು ಉಂಡವನನ್ನು ಊರಿನಲ್ಲಿ ಜಗಲಿಯಾಚೆಗೆ ನಿಲ್ಲಿಸುವ ಮನೆಗಳು ಇಲ್ಲವಾಗಿಲ್ಲ. ವರ್ಷದ 5 ದಿನ ಸಾಧ್ಯವಾದುದು ಉಳಿದ 360 ದಿನ ಏಕೆ ಅಸಾಧ್ಯವೆಂದು ನೀಲಗಾರರ ಹಾಡು ಕೇಳುತ್ತಲೇ ಇದೆ. ಉತ್ತರ ಕೊಡಬೇಕಾದವರು ಕೇಳುಗರು.

ಓದುಗರಲ್ಲಿ ನನ್ನದೊಂದು ವಿಜ್ಞಾಪನೆ. ಮುಂದಿನ ಬನದ ಹುಣ್ಣಿಮೆಗೆ ಕೊಳ್ಳೇಗಾಲದ ದಾರಿಯಾಗಿ ಚಿಕ್ಕಲ್ಲೂರಿಗೆ ಹೋಗಿ, ನಾಲ್ಕನೆಯ ದಿನವೂ ಅಲ್ಲಿ ಇರಿ. ಬಾಡನ್ನು ತಿನ್ನದವರಾದರೆ ಹಾಗೆಂದು ಹೇಳಿ. ಹಿಟ್ಟಿಗೂ ಅನ್ನಕ್ಕೂ ಕೊರತೆಯಾಗದು. ದೂರ ನಿಂತು ಫೋಟೋ ತೆಗೆದುಕೊಂಡು ಹಿಂದಿರುಗಬೇಡಿ. ಯಾವುದಾದರೊಂದು ಬಿಡಾರದ ಮುಂದೆ ಚಪ್ಪಲಿ ಬಿಟ್ಟು, ಏನು ಕೆಲಸವಿದೆಯೆಂದು ಕೇಳಿ.