ಬೇಲೂರಿನ ಕಲ್ಲಿನಲ್ಲಿ ನಮ್ಮ ನಂಗಲಿ

ನಂಗಲಿ ಕಡೆಯವರಿಗೆ ಪ್ರವಾಸ ಎಂದರೆ ತಿರುಪತಿ. ರಾತ್ರಿ ಬಸ್ಸು ಹತ್ತಿ, ಮುಡಿ ಕೊಟ್ಟು, ಲಡ್ಡು ತಂದರೆ ಮುಗಿಯಿತು. ಪಡುವಣಕ್ಕೆ ಹೋಗುವುದು ಕೆಲಸವಿದ್ದರೆ ಮಾತ್ರ: ಕೋಲಾರದ ಕಚೇರಿ, ಬೆಂಗಳೂರಿನ ಆಸ್ಪತ್ರೆ. ಹೋದ ಜನವರಿಯಲ್ಲಿ ಮೊದಲ ಸಲ ನಾವು 18 ಮಂದಿ ಬರೀ ನೋಡುವುದಕ್ಕೆಂದೇ ಬೇಲೂರು, ಹಳೇಬೀಡಿಗೆ ಹೊರಟೆವು.

ರೈತನ ಪ್ರವಾಸದ ಕಷ್ಟ ದುಡ್ಡಿಗಿಂತ ದಿನದ್ದು. ರೇಷ್ಮೆ ಗೂಡು ಮಾರಿ, ಹುಳು ಮನೆ ತೊಳೆದು, ಬ್ಲೀಚಿಂಗ್ ಪುಡಿ ಹೊಡೆದು, ಮುಂದಿನ ಚಾಕಿ ತರುವ ತನಕ ಸಿಗುವ ನಾಲ್ಕೈದು ದಿನವೇ ನಮಗೆ ರಜೆ. ಹಾಲು ಕರೆಯುವುದಕ್ಕೆ ಪ್ರತಿ ಮನೆಯಲ್ಲೂ ಒಬ್ಬರು ಉಳಿದರು. ವ್ಯಾನಿನ ಬಾಡಿಗೆ, ಅಕ್ಕಿ ಬೇಳೆ ಎಲ್ಲ ಸೇರಿ ತಲೆಗೆ 1,800 ರೂಪಾಯಿ ಬಿತ್ತು. ಟೊಮೇಟೊಗೆ ರೇಟು ಇಲ್ಲದ ವರ್ಷ ಇಷ್ಟೂ ಆಗುತ್ತಿರಲಿಲ್ಲ.

ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರಲ್ಲಿ ಹೊಯ್ಸಳ ವಿಷ್ಣುವರ್ಧನ ಕಟ್ಟಿಸಿದ್ದು. ಬಳಪದ ಕಲ್ಲು. ತೆಗೆದಾಗ ಮೆತ್ತಗಿದ್ದು ಗಾಳಿ ತಾಗುತ್ತಾ ಗಟ್ಟಿಯಾಗುವ ಕಲ್ಲಾದ್ದರಿಂದ ಅಷ್ಟು ಸಣ್ಣ ಕೆಲಸ ಸಾಧ್ಯವಾಯಿತಂತೆ. ನಮ್ಮೂರ ಬೆಣಚು ಬಂಡೆಯಲ್ಲಿ ಇದೆಲ್ಲ ಆಗುವ ಮಾತಲ್ಲ. ಮದನಿಕೆಯರನ್ನು ಎಲ್ಲರೂ ಹೊಗಳುತ್ತಾರೆ. ನಮ್ಮ ಹೆಂಗಸರು ನಿಂತು ನೋಡಿದ್ದು ಮಾತ್ರ ಅಲ್ಲೊಂದು ಕಡೆ ಕೆತ್ತಿರುವ ಹಲಸಿನ ಹಣ್ಣನ್ನು. ಹಣ್ಣಿನ ಮೇಲೆ ನೊಣ, ಆ ನೊಣದ ಮೇಲೆ ಕಣ್ಣಿಟ್ಟ ಹಲ್ಲಿ!

ತೋರಿಸುತ್ತಿದ್ದ ಗೈಡು ನಡುವೆ ಕೇಳಿದರು, “ಯಾವ ಕಡೆಯಿಂದ ಬಂದ್ರಿ?”

“ಮುಳಬಾಗಿಲು ಕಡೆ ಸ್ವಾಮಿ. ಆಂಧ್ರ ಗಡಿ. ನಂಗಲಿ ಅಂತ. ನಿಮಗೆ ಗೊತ್ತಿರಲ್ಲ ಬಿಡಿ” ಎಂದರು ನಮ್ಮ ಚಿಕ್ಕಪ್ಪ.

“ಗೊತ್ತಿಲ್ದೆ ಏನು? ನಿಮ್ಮೂರು ಗೆದ್ದದ್ದನ್ನ ನಮ್ಮ ರಾಜ ಬಿರುದು ಮಾಡ್ಕೊಂಡಿದಾನೆ!”

ಅವರು ಹೇಳಿದ್ದು ಇಷ್ಟು. ವಿಷ್ಣುವರ್ಧನನ ಕಾಲದ ಶಾಸನಗಳಲ್ಲಿ ಅವನು ಗೆದ್ದ ನಾಡುಗಳ ಪಟ್ಟಿ ಬರುತ್ತದೆ. ತಲಕಾಡು, ಕೊಂಗು ಆದಮೇಲೆ ನಂಗಲಿ. ಆಮೇಲೆ ಗಂಗವಾಡಿ, ನೊಳಂಬವಾಡಿ, ಬನವಾಸೆ, ಹಾನಗಲ್ಲು. ರಾಜ್ಯದ ಎಲ್ಲೆ ಹೇಳುವಾಗಲೂ ಮೂಡಲಿಗೆ ನಂಗಲಿಯ ಘಟ್ಟವೇ ಗಡಿ. ಮುಳಬಾಗಿಲು ಎಂಬ ಹೆಸರು ‘ಮೂಡಲ ಬಾಗಿಲು’ ಎಂಬುದರಿಂದ ಬಂತೆಂದು ನಾವೂ ಕೇಳಿದ್ದೆವು. ಆ ಬಾಗಿಲು ದಾಟಿದರೆ ಸಿಗುವ ಹೊಸ್ತಿಲು ನಮ್ಮೂರು ಎಂದು ಯಾರೂ ಯೋಚಿಸಿರಲಿಲ್ಲ. ಚಿಕ್ಕಪ್ಪ ಅಂಗಳದ ಶಾಸನದ ಕಲ್ಲುಗಳ ಮುಂದೆ ಸುಮಾರು ಹೊತ್ತು ನಿಂತರು. ಹಳಗನ್ನಡ ಲಿಪಿ ಅವರಿಗೂ ಬರದು, ನನಗೂ ಬರದು.

ಹಳೇಬೀಡಿನಲ್ಲಿ ನನಗೆ ದೇವಸ್ಥಾನಕ್ಕಿಂತ ಕೆರೆ ಹಿಡಿಸಿತು. ರಾಜಧಾನಿಯ ಹೆಸರೇ ದೋರಸಮುದ್ರ, ಅಂದರೆ ಊರಿಗೆ ಹೆಸರು ಕೊಟ್ಟದ್ದೇ ಕೆರೆ. 1311ರಲ್ಲಿ ಮಲಿಕ್ ಕಾಫೂರನ ದಂಡು ಬಂತು, ಮುಂದೆ ರಾಜಧಾನಿಯೂ ಹಾಳಾಯಿತು. ಕೆರೆ ಇದೆ. ಏರಿಯ ಮೇಲೆ ನಿಂತು ಕೋಡಿ ಎಲ್ಲಿ, ತೂಬು ಎಲ್ಲಿ ಎಂದು ನಾವು ಹುಡುಕುತ್ತಿದ್ದರೆ ಡ್ರೈವರಿಗೆ ನಗು. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಈಗ ಪರದೇಶದವರೂ ಬರುತ್ತಾರೆ. ಅವರು ಕೆರೆ ಕಡೆ ತಿರುಗಿದ್ದು ಕಡಿಮೆ.

ವಾಪಸು ಬರುವಾಗ ನಿದ್ದೆ ಹತ್ತಲಿಲ್ಲ. ನಮ್ಮ ಹೊಲದ ಕಲ್ಲು ನೆನಪಾಯಿತು.

ಕೆರೆ ಏರಿಯ ಬುಡದಲ್ಲಿ, ನಮ್ಮ ಜಮೀನಿನ ಮೂಲೆಯಲ್ಲಿ ಆಳೆತ್ತರದ ಚಪ್ಪಡಿ ಇತ್ತು. ತಲೆಯ ಮೇಲೆ ಸೂರ್ಯ, ಚಂದ್ರ, ಕೆಳಗೆ ಹಸು ಕರು, ಅದರ ಕೆಳಗೆ ಅಕ್ಷರ. ಅಜ್ಜಿ ಅದಕ್ಕೆ ಕುಂಕುಮ ಇಡುತ್ತಿದ್ದಳು. 2009ರಲ್ಲಿ ಬೋರ್ ಕೊರೆಯುವ ಲಾರಿಗೆ ದಾರಿ ಬೇಕಾಯಿತು. ಜೆಸಿಬಿಯಲ್ಲಿ ಎತ್ತಿಸಿದೆ, ಎರಡು ತುಂಡಾಯಿತು. ಬೇರೆ ಯಾರೂ ಅಲ್ಲ, ನಾನೇ ಎತ್ತಿಸಿದ್ದು. 1,100 ಅಡಿ ಕೊರೆದರೂ ಧೂಳು ಬಂತೇ ಹೊರತು ನೀರು ಬರಲಿಲ್ಲ. ಮೇಲಿನ ತುಂಡು ಬದುವಿಗೆ ಬಿತ್ತು. ಅಕ್ಷರವಿದ್ದ ತುಂಡು ತೊಟ್ಟಿ ಪಕ್ಕ ಬಟ್ಟೆ ಒಗೆಯುವ ಕಲ್ಲಾಯಿತು.

ಮನೆಗೆ ಬಂದವನು ಬೆಳಗ್ಗೆ ಎದ್ದು ಅದನ್ನು ತಿಕ್ಕಿ ತೊಳೆದೆ. ನಡುವೆ ನುಣ್ಣಗಾಗಿದೆ. ಅಂಚಿನ ಅಕ್ಷರ ಮಾತ್ರ ಉಳಿದಿದೆ. ಎಳೆ ಬಿಸಿಲು ಅಡ್ಡಲಾಗಿ ಬಿದ್ದಾಗ ಕಾಣುತ್ತದೆ, ಮಧ್ಯಾಹ್ನ ಏನೂ ಕಾಣದು. ನೀವೂ ನಿಮ್ಮ ಬದುಗಳಲ್ಲಿ ನೋಡುವುದಿದ್ದರೆ ಬೆಳಗ್ಗೆ ಅಥವಾ ಸಂಜೆ ನೋಡಿ. ಫೋಟೊವನ್ನೂ ಅದೇ ಹೊತ್ತಿನಲ್ಲಿ ತೆಗೆಯಿರಿ. ಸುಣ್ಣ, ಪೇಂಟು ಬಳಿಯಬೇಡಿ.

ಫೋಟೊವನ್ನು ಕಾಲೇಜಿನಲ್ಲಿ ಚರಿತ್ರೆ ಹೇಳುವ ಒಬ್ಬ ಮೇಷ್ಟ್ರಿಗೆ ತೋರಿಸಿದೆ. ಬಿ. ಎಲ್. ರೈಸ್ ಎಂಬ ಅಧಿಕಾರಿ ನಮ್ಮ ಜಿಲ್ಲೆಯ ಶಾಸನಗಳನ್ನು ಊರೂರು ತಿರುಗಿ ಕೂಡಿಸಿ 1905ರಲ್ಲೇ ಅಚ್ಚು ಹಾಕಿಸಿದ್ದಾರೆ. ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೇ ಸಂಪುಟ, ತಾಲೂಕುವಾರು ಪಟ್ಟಿ ಇದೆ. ಅದರಲ್ಲಿ ರಾಜರ ಯುದ್ಧವಷ್ಟೇ ಇಲ್ಲ. ಕೆರೆ ಕಟ್ಟಿದವನಿಗೆ, ಒಡೆದ ಏರಿ ಸರಿ ಮಾಡಿದವನಿಗೆ ಅದೇ ಕೆರೆಯ ಕೆಳಗೆ ಭೂಮಿ ಬಿಟ್ಟುಕೊಟ್ಟ ಲೆಕ್ಕವೂ ಇದೆ. ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಅದಕ್ಕೆ ಹೆಸರು. ಹಸು ಕರು ಇರುವ ಕಲ್ಲು ಸಾಮಾನ್ಯವಾಗಿ ದಾನದ ಕಲ್ಲು, ಅಳಿಸಿದವನಿಗೆ ಗೋಹತ್ಯೆಯ ಪಾಪ ಎಂದು ಕೊನೆಯಲ್ಲಿ ಬರೆದಿರುತ್ತದೆ ಎಂದರು ಮೇಷ್ಟ್ರು. ನಾನು ಸುಮ್ಮನೆ ಕೇಳಿದೆ. ನಮ್ಮ ಕಲ್ಲು ಆ ಪುಸ್ತಕದಲ್ಲಿ ಸಿಗಲಿಲ್ಲ. ಯಾವ ಕೆರೆ, ಯಾರ ಭೂಮಿ ಎಂಬುದು ಬಹುಶಃ ಆ ನುಣ್ಣಗಾದ ಭಾಗದಲ್ಲಿತ್ತು.

ಪಕ್ಕದಲ್ಲೇ ಇರುವ ಆವನಿಗೆ ಮೊನ್ನೆ ಮತ್ತೆ ಹೋಗಿದ್ದೆ. ಜಾತ್ರೆಗೆ ಎಷ್ಟೋ ಸಲ ಹೋದವನೇ. 10ನೇ ಶತಮಾನದಲ್ಲಿ ಅಲ್ಲಿದ್ದ ತ್ರಿಭುವನಕರ್ತ ಎಂಬ ಯತಿ 50 ದೇವಸ್ಥಾನಗಳ ಜೊತೆ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಶಾಸನ ಹೇಳುತ್ತದಂತೆ. ಈ ಸಲ ಬೆಟ್ಟ ಹತ್ತದೆ ಕೆರೆ ಕಡೆ ನಡೆದೆ.

ಕಲ್ಲಿನ ಎರಡೂ ತುಂಡುಗಳು ಈಗ ಹೊಂಗೆ ಮರದ ಕೆಳಗಿವೆ. ನಾಲ್ಕು ಆಳು ಹಿಡಿದು ಸಾಗಿಸಿದ್ದು, ಜೆಸಿಬಿ ಕರೆಯಲಿಲ್ಲ. “ಇನ್ನು ಬಟ್ಟೆ ನಿಮ್ಮ ತಲೆ ಮೇಲೆ ಒಗೀಲಾ?” ಎಂದು ಮನೆಯಾಕೆ ಕೇಳಿದ್ದಕ್ಕೆ ಮುಳಬಾಗಿಲಿನಿಂದ ಹೊಸ ಚಪ್ಪಡಿ ತಂದು ಹಾಕಿಸಿದೆ. ಅದಕ್ಕೆ 700 ರೂಪಾಯಿ, ಆಟೋ ಬಾಡಿಗೆ ಬೇರೆ.